ಡೆಸ್ಕ್‌ಟಾಪಿನ ಆಂಟೆನಾ ಬದಲಾವಣೆ: ಲಾಭ ಗೇನ್‌ನದೋ, ಜಾಗದ್ದೋ?

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ವೈ-ಫೈ ನಿಧಾನ ಎಂದು ಯಾರ ಹತ್ತಿರ ಹೇಳಿಕೊಂಡರೂ ಸಿಗುವ ಸಲಹೆ ಒಂದೇ: ಹಿಂದಿರುವ ಚಿಕ್ಕ ಆಂಟೆನಾ ತೆಗೆದು ದೊಡ್ಡದು ಹಾಕಿಸಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ 5 ಡಿಬಿಐ, 9 ಡಿಬಿಐ, 12 ಡಿಬಿಐ ಎಂದು ಮುದ್ರಿಸಿದ ಕಪ್ಪು ಕಡ್ಡಿಗಳು ಬೇಕಾದಷ್ಟು ಸಿಗುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ವೇಗ ಹೆಚ್ಚು ಎಂಬುದು ಗಿರಾಕಿಯ ನಂಬಿಕೆ. ಅದನ್ನು ಅಲ್ಲಗಳೆಯುವ ಗರಜು ಮಾರುವವನಿಗೇನೂ ಇಲ್ಲ.

ಈ ಟಿಪ್ಪಣಿಯಲ್ಲಿ ಆ ನಂಬಿಕೆಯನ್ನು ಭೌತಶಾಸ್ತ್ರದ ಸರಳ ಲೆಕ್ಕಗಳ ಎದುರು ಇಟ್ಟು ನೋಡಿದ್ದೇನೆ. ಪರಿಶೀಲನೆಗೆ ತೆಗೆದುಕೊಂಡಿರುವುದು ನಮ್ಮ ಮನೆ, ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಟವರ್ ಮಾದರಿಯ ಕಂಪ್ಯೂಟರನ್ನು. ಅದರ ಮದರ್‌ಬೋರ್ಡಿನಲ್ಲೇ ವೈ-ಫೈ ಇರಬಹುದು, ಇಲ್ಲವೇ ಪ್ರತ್ಯೇಕ ಕಾರ್ಡ್ ಕೂರಿಸಿರಬಹುದು. ಹಿಂಬದಿಯಲ್ಲಿ ಆಂಟೆನಾ ತಿರುಗಿಸಿ ಕೂರಿಸುವ ಎರಡು ಹೊಂಬಣ್ಣದ ಕೊಳವೆಗಳಿರುತ್ತವೆ. ಯುಎಸ್‌ಬಿ ಡಾಂಗಲ್‌ಗಳ ಕತೆ ಬೇರೆ, ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಆಂಟೆನಾ ಬದಲಿಸಿದವರಿಗೆ ನಿಜವಾಗಿ ಲಾಭವಾಗಿದ್ದರೆ, ಅದರ ಬಹುಪಾಲು ಬಂದಿರುವುದು ಆಂಟೆನಾ ಕುಳಿತ ಜಾಗ ಬದಲಾದದ್ದರಿಂದ, ಪೊಟ್ಟಣದ ಮೇಲಿನ ಸಂಖ್ಯೆಯಿಂದ ಬಂದದ್ದು ಸ್ವಲ್ಪ.

ಮೊದಲು ಆ ಸಂಖ್ಯೆಯನ್ನೇ ನೋಡೋಣ. ಎಲ್ಲ ದಿಕ್ಕಿಗೂ ಸಮನಾಗಿ ಅಲೆಗಳನ್ನು ಹರಡುವ ಒಂದು ಕಾಲ್ಪನಿಕ ಬಿಂದುವಿಗೆ ಹೋಲಿಸಿದರೆ ಒಂದು ಆಂಟೆನಾ ತನ್ನ ಅತ್ಯುತ್ತಮ ದಿಕ್ಕಿನಲ್ಲಿ ಎಷ್ಟು ಪಟ್ಟು ಹೆಚ್ಚು ಶಕ್ತಿ ಕಳಿಸುತ್ತದೆ, ಅಂದರೆ ಅದರ ಗೇನ್ ಎಷ್ಟು ಎಂಬುದನ್ನು ಡಿಬಿಐ ಹೇಳುತ್ತದೆ. ಇದು ಲಾಗರಿದಮ್ ಅಳತೆ. 3 ಡೆಸಿಬೆಲ್ ಎಂದರೆ ಎರಡು ಪಟ್ಟು, 10 ಎಂದರೆ ಹತ್ತು ಪಟ್ಟು. ಅರ್ಧ ತರಂಗಾಂತರದ ಡೈಪೋಲ್ ಎಂಬ ಅತಿ ಸರಳ ಆಂಟೆನಾದ ಗೇನ್ 2.15 ಡಿಬಿಐ. ಕಂಪ್ಯೂಟರ್ ಕಾರ್ಡಿನ ಜೊತೆ ಬರುವ ಬೆರಳುದ್ದದ ಕಡ್ಡಿಗಳ ಮೇಲೆ 2 ಡಿಬಿಐ ಎಂದಿರುವುದಕ್ಕೆ ಕಾರಣ ಇದೇ. ಒಳಗಿರುವುದು ಹೆಚ್ಚೂಕಡಿಮೆ ಒಂದು ಡೈಪೋಲ್. ಆಂಟೆನಾ ತಾನಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಒಂದು ಕಡೆ ಹೆಚ್ಚು ಕೊಟ್ಟರೆ ಇನ್ನೊಂದು ಕಡೆ ಕಡಿಮೆ ಮಾಡಲೇಬೇಕು. ನೆಟ್ಟಗೆ ನಿಲ್ಲಿಸಿದ ಡೈಪೋಲಿನ ಪ್ರಸರಣ ಉದ್ದಿನ ವಡೆಯ ಆಕಾರದ್ದು: ಕಡ್ಡಿ ತೂತಿನೊಳಗೆ ನಿಂತಿರುತ್ತದೆ, ಸುತ್ತಲೂ ಶಕ್ತಿ, ಕಡ್ಡಿಯ ತುದಿಯ ನೇರಕ್ಕೆ ಮಾತ್ರ ಏನೂ ಇಲ್ಲ. ಗೇನ್ ಹೆಚ್ಚಿಸುವುದೆಂದರೆ ಆ ವಡೆಯನ್ನು ಮೇಲಿನಿಂದ ಒತ್ತಿ ಚಪ್ಪಟೆ ಮಾಡುವುದು. ಅಗಲ ಹೆಚ್ಚುತ್ತದೆ, ದಪ್ಪ ಇಳಿಯುತ್ತದೆ.

ಇದರಿಂದ ಒಂದು ನೇರ ಪರಿಣಾಮವಿದೆ. ರೂಟರ್ ಮತ್ತು ಕಂಪ್ಯೂಟರ್ ಒಂದೇ ಮಹಡಿಯಲ್ಲಿದ್ದರೆ ಚಪ್ಪಟೆ ಪ್ರಸರಣದಿಂದ ಅನುಕೂಲ. ರೂಟರ್ ಕೆಳಗಿನ ಹಾಲ್‌ನಲ್ಲಿದ್ದು ಕಂಪ್ಯೂಟರ್ ಮೇಲಿನ ಕೋಣೆಯಲ್ಲಿದ್ದರೆ, 9 ಡಿಬಿಐ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದಾಗ ಮೊದಲಿಗಿಂತ ಸಿಗ್ನಲ್ ಇಳಿಯಲೂಬಹುದು. ಡ್ಯೂಪ್ಲೆಕ್ಸ್ ಮನೆಯವರು ಹೆಚ್ಚು ಗೇನ್‌ನ ಕಡ್ಡಿಗೆ ದುಡ್ಡು ಸುರಿದು ನಿರಾಶರಾಗುವುದರಲ್ಲಿ ಸೋಜಿಗವೇನಿಲ್ಲ.

ಇನ್ನು ಪೊಟ್ಟಣದ ಮೇಲಿನ ಸಂಖ್ಯೆಯನ್ನು ನಂಬುವುದು ಹೇಗೆ? ಪ್ರಯೋಗಾಲಯ ಬೇಡ, ಶಾಲೆಯ ಮಕ್ಕಳ ಅಳತೆಪಟ್ಟಿ ಸಾಕು. ಎಲ್ಲ ದಿಕ್ಕಿಗೂ ಅಡ್ಡಲಾಗಿ ಹರಡುವ ಕಡ್ಡಿ ಆಂಟೆನಾ ಗೇನ್ ಗಳಿಸುವುದು ಒಂದರ ಮೇಲೊಂದು ಡೈಪೋಲ್‌ಗಳನ್ನು ಜೋಡಿಸಿಕೊಂಡು. ಹಾಗಾಗಿ ಗೇನ್‌ಗೂ ಉದ್ದಕ್ಕೂ ಬಿಡಿಸಲಾಗದ ನಂಟು. ಉದ್ದನೆಯ ನೇರ ಜೋಡಣೆಯ ದಿಕ್ಕುಸಾಮರ್ಥ್ಯ ಸುಮಾರಾಗಿ ಅದರ ಉದ್ದದ ಎರಡರಷ್ಟನ್ನು ತರಂಗಾಂತರದಿಂದ ಭಾಗಿಸಿದಷ್ಟು. 2.4 ಗಿಗಾಹರ್ಟ್ಸ್‌ನ ತರಂಗಾಂತರ 12 ಸೆಂಟಿಮೀಟರಿಗಿಂತ ತುಸು ಹೆಚ್ಚು, 12.3 ಎಂದು ಇಟ್ಟುಕೊಳ್ಳಿ. 20 ಸೆಂಟಿಮೀಟರ್ ಕಡ್ಡಿಗೆ ಲೆಕ್ಕ ಹಾಕಿದರೆ ಮೂರೂಕಾಲು ಪಟ್ಟು, ಎಂದರೆ 5 ಡಿಬಿಐ. 38 ಸೆಂಟಿಮೀಟರಿಗೆ ಆರು ಪಟ್ಟಿನ ಮೇಲೆ ಚೂರು, ಎಂದರೆ 8 ಡಿಬಿಐಯ ಹತ್ತಿರ. 12 ಡಿಬಿಐ ಬೇಕೆಂದರೆ ಹದಿನಾರು ಪಟ್ಟು ಆಗಬೇಕು, ಅದಕ್ಕೆ ಕಡ್ಡಿ ಹೆಚ್ಚುಕಡಿಮೆ ಒಂದು ಮೀಟರ್ ಉದ್ದವಿರಬೇಕು. ಕೈಯಲ್ಲಿ ಹಿಡಿದು ಜೇಬಿಗೆ ಸೇರಿಸಬಹುದಾದ ಕಡ್ಡಿಯ ಮೇಲೆ 2.4 ಗಿಗಾದಲ್ಲಿ 12 ಡಿಬಿಐ ಎಂದು ಬರೆದಿದ್ದರೆ ಆ ಮಾತು ಸುಳ್ಳು. ಇದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ.

5 ಗಿಗಾದಲ್ಲಿ ತರಂಗಾಂತರ 5.5 ಸೆಂಟಿಮೀಟರಿನ ಆಸುಪಾಸು, ಆದ್ದರಿಂದ ಅದೇ ಉದ್ದದಲ್ಲಿ ಹೆಚ್ಚು ಗೇನ್ ಸಾಧ್ಯ. ಸಾಧ್ಯ ಅಷ್ಟೆ. ಉದ್ದ ಇದ್ದ ಮಾತ್ರಕ್ಕೆ ಗೇನ್ ಇದ್ದೇ ಇರುತ್ತದೆ ಎಂದಲ್ಲ. ಉದ್ದನೆಯ ಪ್ಲಾಸ್ಟಿಕ್ ಕವಚದೊಳಗೆ ತಳದಲ್ಲಿ ಮಾತ್ರ ಚೋಟುದ್ದದ ತಂತಿ ಇಟ್ಟು ಉಳಿದದ್ದನ್ನು ಖಾಲಿ ಬಿಡಲು ಯಾವ ಅಡ್ಡಿಯೂ ಇಲ್ಲ. ಅಂದರೆ ಅಳತೆಪಟ್ಟಿಯಿಂದ ಸುಳ್ಳನ್ನು ಹಿಡಿಯಬಹುದು, ನಿಜವನ್ನು ಸಾಬೀತು ಮಾಡಲಾಗದು.

ಡೈಪೋಲ್‌ಗಳನ್ನು ಒಟ್ಟುಗೂಡಿಸಿ ದಿಕ್ಕುಸಾಮರ್ಥ್ಯ ಗಳಿಸುವ ಈ ತತ್ತ್ವದ ದೊಡ್ಡ ರೂಪ ನಮ್ಮ ಗೌರಿಬಿದನೂರಿನ ಬಳಿಯೇ ಇದೆ. ಅಲ್ಲಿನ ರೇಡಿಯೊ ದೂರದರ್ಶಕ ಸಾವಿರ ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರವಿ ಕಟ್ಟಿದ್ದು. ಪೂರ್ವ-ಪಶ್ಚಿಮದ ತೋಳೊಂದೇ 1.4 ಕಿಲೋಮೀಟರ್. ಅದು ಆಲಿಸಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಲ್ಲಿ ತರಂಗಾಂತರ ಸುಮಾರು 8.7 ಮೀಟರ್. ನಮ್ಮ ಕಂಪ್ಯೂಟರಿನ ಕಡ್ಡಿಗೂ ಆ ಬಯಲಿಗೂ ಗಣಿತ ಒಂದೇ. ಆಂಟೆನಾ ಅಧ್ಯಯನದ ವಿಷಯದಲ್ಲಿ ಕರ್ನಾಟಕ ಹಿಂದುಳಿದ ನಾಡೂ ಅಲ್ಲ. ರಾಜ್ಯದ ಮೊದಲ ಮಹಿಳಾ ಇಂಜಿನಿಯರ್ ಎಂದು ಗುರುತಿಸಲಾಗುವ ರಾಜೇಶ್ವರಿ ಚಟರ್ಜಿ (1922–2010) ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಬಂದು, ಪತಿ ಶಿಶಿರ್ ಕುಮಾರ್ ಚಟರ್ಜಿ ಅವರ ಜೊತೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿದವರು. ಆಂಟೆನಾಗಳ ಬಗ್ಗೆ ಪಠ್ಯಪುಸ್ತಕ ಬರೆದವರು. ಮೇಲಿನ ಲೆಕ್ಕ ಅಂಥ ಪಠ್ಯಗಳ ಮೊದಲ ಅಧ್ಯಾಯಗಳಲ್ಲೇ ಸಿಗುವಂಥದ್ದು. ಅಂಗಡಿಯ ಪೊಟ್ಟಣದವರೆಗೆ ಅದು ಇಳಿದು ಬಂದಿಲ್ಲ, ಅಷ್ಟೆ.

ಈಗ ಜಾಗದ ವಿಚಾರ. ಡೆಸ್ಕ್‌ಟಾಪಿನ ಆಂಟೆನಾ ಇರುವ ಸ್ಥಳವನ್ನು ಒಮ್ಮೆ ಬಗ್ಗಿ ನೋಡಿ. ಮೇಜಿನ ಕೆಳಗೆ, ಉಕ್ಕಿನ ಪೆಟ್ಟಿಗೆಯ ಬೆನ್ನಿಗೆ, ಗೋಡೆಗೆ ಒತ್ತಿಕೊಂಡು, ಮಾನಿಟರ್, ಕೀಬೋರ್ಡ್, ಪವರ್ ಕೇಬಲ್‌ಗಳ ಗೊಂಚಲಿನ ನಡುವೆ. ಲೋಹದ ತಗಡನ್ನು ಈ ಅಲೆಗಳು ದಾಟಲಾರವು. 2.4 ಗಿಗಾಹರ್ಟ್ಸ್‌ನ ಅಲೆ ತಾಮ್ರದೊಳಗೆ ಇಳಿಯುವುದು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಚೂರು ಹೆಚ್ಚು, ಅಷ್ಟೇ. ಅರ್ಧ ಮಿಲಿಮೀಟರ್ ದಪ್ಪದ ಕ್ಯಾಬಿನೆಟ್ ತಗಡು ಈ ಅಲೆಗಳ ಪಾಲಿಗೆ ಕೋಟೆಗೋಡೆ. ರೂಟರ್ ಇರುವ ದಿಕ್ಕಿಗೂ ಆಂಟೆನಾಕ್ಕೂ ನಡುವೆ ಆ ಪೆಟ್ಟಿಗೆ ಬಂದರೆ, ಅಕ್ಕಪಕ್ಕದ ಗೋಡೆಗಳಿಂದ ಪುಟಿದು ಬಂದ ಅಲೆಗಳಿಂದಲೇ ಕೆಲಸ ಸಾಗಬೇಕು. ಲ್ಯಾಪ್‌ಟಾಪಿಗೆ ಈ ಕಷ್ಟವಿಲ್ಲ. ಅದರ ಆಂಟೆನಾಗಳು ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ, ಮೇಜಿನಿಂದ ಮೇಲೆ ಇರುತ್ತವೆ. ಅದೇ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಚೆನ್ನಾಗಿ ಸಿಗುವ ವೈ-ಫೈ ಡೆಸ್ಕ್‌ಟಾಪಿಗೆ ಸಿಗದಿರಲು ಇದೊಂದು ಮುಖ್ಯ ಕಾರಣ. ಕಾರ್ಡ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಬೆನ್ನಿನ ಜಾಗಕ್ಕೆ ಇನ್ನೊಂದು ಶಾಪವಿದೆ. ಯುಎಸ್‌ಬಿ 3.0 ಕಿಂಡಿಗಳು ಅಲ್ಲೇ, ಆಂಟೆನಾ ಕೊಳವೆಗಳಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತವೆ. ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವ ಆ ಸಂಕೇತ 2.4 ಗಿಗಾದ ಪಟ್ಟಿಯ ಮೇಲೆಲ್ಲ ಗದ್ದಲ ಚೆಲ್ಲುತ್ತದೆ. ಇಂಟೆಲ್ ಕಂಪನಿ ಇದನ್ನು 2012ರ ಏಪ್ರಿಲಿನಲ್ಲಿ ಒಂದು ತಾಂತ್ರಿಕ ಪ್ರಬಂಧದಲ್ಲಿ ತಾನೇ ಒಪ್ಪಿಕೊಂಡಿತು: ಹಾರ್ಡ್ ಡಿಸ್ಕ್ ಜೋಡಿಸಿದಾಗ ಆ ಪಟ್ಟಿಯಲ್ಲಿ ಗದ್ದಲದ ಮಟ್ಟ ಹೆಚ್ಚುಕಡಿಮೆ 20 ಡೆಸಿಬೆಲ್ ಏರಿತ್ತು. 20 ಡೆಸಿಬೆಲ್ ಎಂದರೆ ನೂರು ಪಟ್ಟು. ಇದರ ಕೆಟ್ಟ ಗುಣವೆಂದರೆ ಪರದೆಯ ಮೂಲೆಯ ಸಿಗ್ನಲ್ ಪಟ್ಟೆಗಳಲ್ಲಿ ಇದು ಕಾಣುವುದೇ ಇಲ್ಲ. ಪಟ್ಟೆಗಳು ತೋರಿಸುವುದು ಬರುತ್ತಿರುವ ಸಂಕೇತದ ಬಲವನ್ನು. ಪಕ್ಕದಲ್ಲಿ ಎಷ್ಟು ಗಲಾಟೆ ಇದೆ ಎಂಬುದನ್ನಲ್ಲ. ಪಟ್ಟೆ ತುಂಬ ಇದ್ದೂ ವೇಗ ಸಾಯುತ್ತಿದ್ದರೆ, ಬೆನ್ನಿಗೆ ಚುಚ್ಚಿದ ಹೊರಗಿನ ಹಾರ್ಡ್ ಡಿಸ್ಕನ್ನು ಒಮ್ಮೆ ಕಿತ್ತು ನೋಡಿ. 9 ಡಿಬಿಐ ಆಂಟೆನಾ ಇಲ್ಲಿ ಏನೂ ಮಾಡಲಾರದು. ಅದು ಗದ್ದಲವನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದು ತರುತ್ತದೆ. ಆಂಟೆನಾವನ್ನು ಒಂದು ಮೀಟರ್ ದೂರಕ್ಕೆ ಒಯ್ದರೆ ತೊಂದರೆ ತಾನಾಗಿ ಕಡಿಮೆಯಾಗುತ್ತದೆ.

ಹಾಗಾದರೆ ಗೇನ್ ಮತ್ತು ಜಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಸಾಧ್ಯವೇ? ಒಂದು ಲೆಕ್ಕ ಕಟ್ಟೋಣ. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಫ್ರೀಸ್ 1946ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಬಯಲಿನಲ್ಲಿ 10 ಮೀಟರ್ ದೂರಕ್ಕೆ 2.4 ಗಿಗಾದಲ್ಲಿ 60 ಡೆಸಿಬೆಲ್, 5.5 ಗಿಗಾದಲ್ಲಿ 67 ಡೆಸಿಬೆಲ್ ನಷ್ಟ. ರೂಟರ್ 100 ಮಿಲಿವ್ಯಾಟ್, ಅಂದರೆ ಒಂದು ಮಿಲಿವ್ಯಾಟಿಗೆ ಹೋಲಿಸಿ ಹೇಳುವ ಡೆಸಿಬೆಲ್ ಅಳತೆಯಲ್ಲಿ 20 ಡಿಬಿಎಂ ಕಳಿಸುತ್ತದೆ, ಎರಡೂ ಕಡೆ 2 ಡಿಬಿಐ ಆಂಟೆನಾ ಇದೆ ಎನ್ನೋಣ. 5 ಗಿಗಾದಲ್ಲಿ ಬಯಲಿಗೆ −43 ಡಿಬಿಎಂ ಸಿಗಬೇಕು. ನಡುವೆ ಎರಡು ಗೋಡೆ, ತಲಾ 10 ಡೆಸಿಬೆಲ್ ನಷ್ಟ ಎಂದುಕೊಂಡರೆ −63. ಕ್ಯಾಬಿನೆಟ್ಟಿನ ನೆರಳಿಗೆ ಇನ್ನೊಂದು 8 ಕಳೆದರೆ −71. ಗೋಡೆ ಮತ್ತು ನೆರಳಿನ ಈ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಮನೆಯಲ್ಲಿ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ನೋಡಬೇಕಾದದ್ದು ಅವುಗಳ ಮೇಲೆ ಏನು ನಡೆಯುತ್ತದೆ ಎಂಬುದನ್ನು.

ವೈ-ಫೈ ವೇಗ ಸಿಗ್ನಲ್ ಜೊತೆ ನುಣುಪಾಗಿ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವೈ-ಫೈ 5ರ ಶಿಷ್ಟಮಾನ ಪ್ರತಿ ಮೆಟ್ಟಿಲಿಗೂ ರಿಸೀವರ್ ಕನಿಷ್ಠ ಎಷ್ಟು ಸಿಗ್ನಲ್‌ನಲ್ಲಿ ಕೆಲಸ ಮಾಡಬೇಕು ಎಂದು ನಿಗದಿ ಮಾಡಿದೆ. 80 ಮೆಗಾಹರ್ಟ್ಸ್ ಅಗಲದ ಚಾನೆಲ್, ಎರಡು ಆಂಟೆನಾ ಇರುವಲ್ಲಿ −71 ಡಿಬಿಎಂಗೆ ಸೆಕೆಂಡಿಗೆ 195 ಮೆಗಾಬಿಟ್, −68ಕ್ಕೆ 260, −64ಕ್ಕೆ 390, −60ಕ್ಕೆ 520, −51 ತಲುಪಿದರೆ 866, ಅದೇ ಕೊನೆ. ಇವತ್ತಿನ ಒಳ್ಳೆಯ ಚಿಪ್‌ಗಳು ಈ ಕನಿಷ್ಠ ಮಿತಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಮೆಟ್ಟಿಲುಗಳ ಅಂತರ ಮಾತ್ರ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಈಗ −71ರಲ್ಲಿ, 195ರ ಮೆಟ್ಟಿಲಿನ ಮೇಲೆ ನಿಂತಿರುವ ನಮ್ಮ ಕಂಪ್ಯೂಟರಿಗೆ ಏನೇನು ಮಾಡಬಹುದು? 2 ಡಿಬಿಐ ಕಡ್ಡಿ ಕಿತ್ತು ಅದೇ ಜಾಗದಲ್ಲಿ ನಿಜವಾದ 5 ಡಿಬಿಐ ಕಡ್ಡಿ ಕೂರಿಸಿದರೆ −68, ವೇಗ 260. ಪರವಾಗಿಲ್ಲ. ಆಂಟೆನಾ ಮುಟ್ಟದೆ, ಪೆಟ್ಟಿಗೆಯನ್ನೇ ತಿರುಗಿಸಿ ಅದರ ಬೆನ್ನು ರೂಟರ್ ಕಡೆಗೆ ಬರುವಂತೆ ಇಟ್ಟು ನೆರಳು ತಪ್ಪಿಸಿದರೆ −63, ವೇಗ 390. ಖರ್ಚು ಸೊನ್ನೆ. ಪೆಟ್ಟಿಗೆಯ ಬೆನ್ನು ನೋಡಲು ಚೆಂದವಿರುವುದಿಲ್ಲ ಎಂಬುದೊಂದೇ ತಕರಾರು. ಹಳೆಯ ಆಂಟೆನಾವನ್ನೇ ಅಗ್ಗದ ತೆಳು ಕೇಬಲಿನ ತುದಿಗೆ ಸಿಕ್ಕಿಸಿ ಒಂದು ಮೀಟರ್ ಮೇಲಕ್ಕೆ, ಮೇಜಿನ ಮೇಲೆ ತಂದರೆ −66, ವೇಗ 260. ಅದೇ ಒಂದು ಮೀಟರ್ ಒಳ್ಳೆಯ ಕೇಬಲ್ ಆಗಿದ್ದರೆ −64, ವೇಗ 390. 5 ಡಿಬಿಐ ಕಡ್ಡಿಯನ್ನು ಮೂರು ಮೀಟರಿನ ಅಗ್ಗದ ಕೇಬಲ್ ಹಾಕಿ ಬೀರುವಿನ ಮೇಲೆ ಇಟ್ಟರೆ? −69. ಹಣ ಹೋಯಿತು, ವೇಗ ಅದೇ 195.

ಈ ಕೊನೆಯ ಸಾಲಿನ ದುರಂತಕ್ಕೆ ಕಾರಣ ಕೇಬಲ್. ಆಯಸ್ಕಾಂತದ ತಳವಿರುವ ಅಗ್ಗದ ಆಂಟೆನಾಗಳಿಗೆ ಸಾಮಾನ್ಯವಾಗಿ ಆರ್‌ಜಿ-174 ಎಂಬ ತೆಳು ಕೇಬಲ್ ಹಾಕಿರುತ್ತಾರೆ. ಅದು 2.4 ಗಿಗಾದಲ್ಲಿ ಮೀಟರಿಗೆ ಸುಮಾರು 2 ಡೆಸಿಬೆಲ್, 5 ಗಿಗಾದಲ್ಲಿ 3ರ ಆಸುಪಾಸು ನುಂಗುತ್ತದೆ. 5 ಮಿಲಿಮೀಟರ್ ದಪ್ಪದ ಎಲ್‌ಎಂಆರ್-200 ತರಹದ ಕೇಬಲ್ ನುಂಗುವುದು ಸುಮಾರು ಅರ್ಧ ಮತ್ತು 0.9 ಡೆಸಿಬೆಲ್. ಎಲ್‌ಎಂಆರ್-400 ಇನ್ನೂ ಉತ್ತಮ, ಕಾಲು ಡೆಸಿಬೆಲಿಗೂ ಕಡಿಮೆಯಿಂದ ಶುರು. ಬೆರಳಿನಷ್ಟು ದಪ್ಪ, ಬಗ್ಗುವುದಿಲ್ಲ, ಕಾರ್ಡಿನ ಪುಟ್ಟ ಕೊಳವೆಗೆ ನೇರವಾಗಿ ತೂಗುಹಾಕಿದರೆ ಅದನ್ನೇ ಮುರಿದೀತು. ಮೇಜಿನ ಕೆಲಸಕ್ಕೆ ಅದು ಬೇಡ. ಒಟ್ಟಿನಲ್ಲಿ ಆಂಟೆನಾ ಕೊಳ್ಳುವಾಗ ಗಿರಾಕಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಡಿಬಿಐ ಎಂಬುದಲ್ಲ. ಕೇಬಲ್ ಯಾವುದು, ಎಷ್ಟು ಉದ್ದ ಎಂಬುದು. ಕೇಬಲಿನ ಹೆಸರು ಅದರ ಮೈಮೇಲೆ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತದೆ. ಏನೂ ಮುದ್ರಿಸಿಲ್ಲವೆಂದರೆ ಅದು ತೆಳು ಕೇಬಲ್ ಎಂದೇ ತಿಳಿಯುವುದು ಕ್ಷೇಮ.

ಮೆಟ್ಟಿಲುಗಳ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಡುತ್ತದೆ. ಈಗಾಗಲೇ −45 ಡಿಬಿಎಂ ಸಿಗುತ್ತಿರುವ ಕಂಪ್ಯೂಟರಿಗೆ ಎಷ್ಟು ದೊಡ್ಡ ಆಂಟೆನಾ ಹಾಕಿದರೂ ವೇಗ ಹೆಚ್ಚುವುದಿಲ್ಲ; ಅದು ಮೇಲಿನ ಮೆಟ್ಟಿಲಿನಲ್ಲೇ ಇದೆ. ಹಾಗೆಯೇ ಮನೆಗೆ ಬರುವ ಬ್ರಾಡ್‌ಬ್ಯಾಂಡ್ ಸಂಪರ್ಕವೇ 100 ಮೆಗಾಬಿಟ್‌ನದಾಗಿದ್ದರೆ 195ರಿಂದ 390ಕ್ಕೆ ಏರಿದ್ದು ಯಾರ ಅನುಭವಕ್ಕೂ ಬಾರದು.

ಸ್ಕ್ರೂ ಕೊಳವೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಕೈಯಲ್ಲಿ ಹಿಡಿದಾಗ ಜನ ಎಡವುವುದು ಇಲ್ಲೇ. ಕಾರ್ಡಿನ ಕೊಳವೆಗೆ ಹೊರಮೈಯಲ್ಲಿ ಮರೆ, ಒಳಗೆ ನಡುವೆ ಸೂಜಿಯಂಥ ಪಿನ್ನು. ಆಂಟೆನಾದ ಬಾಯಿಗೆ ಒಳಮೈಯಲ್ಲಿ ಮರೆ, ನಡುವೆ ತೂತು. ಇದು ಆರ್‌ಪಿ-ಎಸ್‌ಎಂಎ. 1960ರ ದಶಕದಿಂದ ಮೈಕ್ರೋವೇವ್ ಉಪಕರಣಗಳಲ್ಲಿ ಬಳಕೆಯಲ್ಲಿರುವ ಮಾಮೂಲಿ ಎಸ್‌ಎಂಎಯಲ್ಲಿ ಪಿನ್ನು ಮತ್ತು ತೂತು ಅದಲುಬದಲು. ಹೀಗೆ ತಿರುಗುಮುರುಗು ಮಾಡಿದ್ದಕ್ಕೆ ಕಾರಣ ಅಮೆರಿಕದ ಕಾನೂನು. ಪರವಾನಗಿ ಬೇಡದ ರೇಡಿಯೊ ಸಾಧನಗಳಿಗೆ ಜನ ತಮಗೆ ಬೇಕಾದ ಆಂಟೆನಾ ಸಿಕ್ಕಿಸಿ ಹೆಚ್ಚು ದೂರ ಹರಡಬಾರದೆಂದು, ಆಂಟೆನಾ ಕಾಯಂ ಆಗಿರಬೇಕು ಇಲ್ಲವೇ ವಿಶಿಷ್ಟ ಜೋಡಣೆಯದಾಗಿರಬೇಕು ಎಂದು ಅಲ್ಲಿನ ಎಫ್‌ಸಿಸಿ ತನ್ನ 15ನೇ ಭಾಗದ ನಿಯಮಗಳಲ್ಲಿ ಬರೆಯಿತು. ತಯಾರಕರು ಪಿನ್ನನ್ನು ಅತ್ತಿತ್ತ ಮಾಡಿ ಅದನ್ನೇ ವಿಶಿಷ್ಟ ಎಂದರು. ಆಮೇಲೆ ಎಲ್ಲರೂ ಅದನ್ನೇ ಬಳಸಿ ಅದು ಬೀದಿಬೀದಿಯಲ್ಲಿ ಸಿಗುವ ವಸ್ತುವಾಯಿತು. ಆಂಟೆನಾ ಬದಲಿಸಬಾರದೆಂದು ಹುಟ್ಟಿದ ಕೊಳವೆಯಿಂದಲೇ ಇವತ್ತು ಲೋಕವೆಲ್ಲ ಆಂಟೆನಾ ಬದಲಿಸುತ್ತಿದೆ.

ಅಪಾಯ ಎಲ್ಲಿದೆಯೆಂದರೆ ಎರಡರ ಮರೆಯ ಅಳತೆಯೂ ಒಂದೇ. ಪಿನ್ನಿರುವ ಮಾಮೂಲಿ ಎಸ್‌ಎಂಎ ಆಂಟೆನಾವನ್ನು ಪಿನ್ನಿರುವ ಕಾರ್ಡಿಗೆ ತಿರುಗಿಸಿದರೆ ಪಿನ್ನಿಗೆ ಪಿನ್ನು ಗುದ್ದಿ ಬಾಗುತ್ತದೆ. ತೂತಿಗೆ ತೂತು ಎದುರಾದರೆ ಇನ್ನೂ ಮೋಸ: ಮರೆ ಸಲೀಸಾಗಿ ಕೂರುತ್ತದೆ, ಬಿಗಿಯೂ ಆಗುತ್ತದೆ, ಒಳಗೆ ಮಾತ್ರ ಸಂಪರ್ಕವೇ ಇಲ್ಲ. ಅಂಗಡಿಯಲ್ಲಿ ಹೆಸರು ಹೇಳಿ ಕೇಳುವುದಕ್ಕಿಂತ ಹಳೆಯ ಆಂಟೆನಾವನ್ನೇ ಒಯ್ದು ಬಾಯಿಗೆ ಬಾಯಿ ಹೋಲಿಸಿ ತರುವುದು ವಾಸಿ.

ಪೆಟ್ಟಿಗೆಯೊಳಗೂ ಒಂದು ಜೋಡಣೆ ಇದೆ. ಪುಟ್ಟ ವೈ-ಫೈ ಕಾರ್ಡಿನಿಂದ ಹಿಂಬದಿಯ ಕೊಳವೆಗೆ ಕೂದಲೆಳೆಯಂಥ ಕೇಬಲ್ ಬರುತ್ತದೆ, ಅದರ ತುದಿಯಲ್ಲಿ ಎರಡು ಮೂರು ಮಿಲಿಮೀಟರಿನ ಗುಂಡಿ. ಒತ್ತಿದರೆ ಟಕ್ಕೆಂದು ಕೂರಬೇಕು. ಈ ಜಾತಿಯ ಯು.ಎಫ್‌ಎಲ್ ಗುಂಡಿಯನ್ನು ಮೂವತ್ತು ಸಲ ತೆಗೆದು ಹಾಕುವುದಕ್ಕಷ್ಟೇ ತಯಾರಕರ ಭರವಸೆ. ಬಿಡಿಭಾಗ ತಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ ಸಿಗ್ನಲ್ ತೀರಾ ಕಡಿಮೆ ಇದ್ದರೆ ಮೊದಲು ಇದು ಕಳಚಿದೆಯೇ ನೋಡಬೇಕು. ಅದಕ್ಕೂ ಮೊದಲು ನೋಡಬೇಕಾದದ್ದು ಅಟ್ಟದ ಮೇಲಿನ ರಟ್ಟಿನ ಡಬ್ಬವನ್ನು: ಮದರ್‌ಬೋರ್ಡಿನ ಜೊತೆ ಬಂದ ಆಂಟೆನಾಗಳು ಅದರಲ್ಲೇ ಪ್ಲಾಸ್ಟಿಕ್ ಚೀಲದೊಳಗೆ ಮಲಗಿರುವ ಮನೆಗಳು ಕಡಿಮೆಯೇನಲ್ಲ.

ಎರಡು ಕೊಳವೆಗಳಿದ್ದರೆ ಎರಡಕ್ಕೂ ಆಂಟೆನಾ ಇರಲೇಬೇಕು. ವೈ-ಫೈ 4ರಿಂದ ಈಚೆಗೆ, ಅಂದರೆ 2009ರ ಶಿಷ್ಟಮಾನದಿಂದ, ಎರಡು ಆಂಟೆನಾಗಳಲ್ಲಿ ಬೇರೆ ಬೇರೆ ದತ್ತಾಂಶದ ಹೊಳೆ ಹರಿಸುವ ವ್ಯವಸ್ಥೆ ಬಂತು. ಒಂದನ್ನು ತೆಗೆದರೆ 866 ಹೋಗಿ 433 ಆಗುತ್ತದೆ. ಎಷ್ಟೋ ಕಾರ್ಡ್‌ಗಳಲ್ಲಿ ಬ್ಲೂಟೂತ್ ಕೂಡ ಅದೇ ಆಂಟೆನಾಗಳಲ್ಲಿ ಒಂದನ್ನು ಹಂಚಿಕೊಂಡಿರುತ್ತದೆ. ಹಾಗಾಗಿ ಒಂದು ದೊಡ್ಡ ಕಡ್ಡಿ ತಂದು ಇನ್ನೊಂದು ಕೊಳವೆ ಖಾಲಿ ಬಿಡುವುದು ತಿಳಿಗೇಡಿತನ. ಎರಡರ ನಡುವೆ ಕನಿಷ್ಠ 6 ಸೆಂಟಿಮೀಟರ್ ಅಂತರವಿರಲಿ. ಒಂದನ್ನು ನೆಟ್ಟಗೆ, ಇನ್ನೊಂದನ್ನು ಓರೆಯಾಗಿ ನಿಲ್ಲಿಸಿ.

ಆಂಟೆನಾ ಬದಲಿಸಿದ ಮೇಲೆ ಫಲ ಸಿಕ್ಕಿತೇ ಇಲ್ಲವೇ ಎಂದು ನಿರ್ಧರಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಬದಲಿಸುವ ಮೊದಲು ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ಅಳೆದು ತೀರ್ಪು ಕೊಡುವುದು ರೂಢಿ. ಅದು ಸಾಲದು. ಕೋಣೆಯೊಳಗೆ ಅಲೆಗಳು ಗೋಡೆ, ಬೀರು, ಫ್ಯಾನುಗಳಿಂದ ಪುಟಿದು ಒಂದರ ಮೇಲೊಂದು ಬಿದ್ದು, ಕೆಲವು ಕಡೆ ಕೂಡಿಕೊಳ್ಳುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ಆಂಟೆನಾವನ್ನು ಅರ್ಧ ತರಂಗಾಂತರದಷ್ಟು, ಅಂದರೆ 2.4 ಗಿಗಾದಲ್ಲಿ 6 ಸೆಂಟಿಮೀಟರ್ ಮತ್ತು 5 ಗಿಗಾದಲ್ಲಿ ಅದರ ಅರ್ಧಕ್ಕೂ ಕಡಿಮೆ ಸರಿಸಿದರೂ ಓದಿಕೆ 10 ಡೆಸಿಬೆಲ್ ಏರಿಳಿಯಬಹುದು. ಹೊಸ ಕಡ್ಡಿ ಹಳೆಯದಕ್ಕಿಂತ ಉದ್ದವಾಗಿದ್ದರೆ ಅದರ ಕೇಂದ್ರವೇ ಅಷ್ಟು ಮೇಲಕ್ಕೆ ಹೋಗಿರುತ್ತದೆ. ಹಾಗಿರುವಾಗ ಕಂಡ 5 ಡೆಸಿಬೆಲ್ ಲಾಭ ಗೇನ್‌ನದೋ, ಆ ಕೆಲವು ಸೆಂಟಿಮೀಟರ್ ಜಾಗಪಲ್ಲಟದ್ದೋ ಹೇಳುವುದು ಹೇಗೆ? ಆಂಟೆನಾದ ತಳವನ್ನು ಒಂದು ಗೇಣಿನೊಳಗೆ ಅತ್ತಿತ್ತ ಸರಿಸುತ್ತ ಹಲವು ಓದಿಕೆ ತೆಗೆದು, ಸರಾಸರಿಗಳನ್ನು ಹೋಲಿಸಬೇಕು. ಅಂತರ್ಜಾಲದಲ್ಲಿ ಕಾಣುವ “ಮೊದಲು-ನಂತರ” ಚಿತ್ರಗಳಲ್ಲಿ ಈ ಎಚ್ಚರ ಇರುವುದು ಅಪರೂಪ. ಆದ್ದರಿಂದ ನಾನು ಅವನ್ನು ಸಾಕ್ಷ್ಯವೆಂದು ಎಣಿಸಿಲ್ಲ.

ಓದಿಕೆಗೆ ವಿಂಡೋಸ್‌ನ ಕಮಾಂಡ್ ಕಿಂಡಿಯಲ್ಲಿ ಸಿಗುವ ಶೇಕಡಾವಾರು ಸಿಗ್ನಲ್ ಸಾಕು. ಮೈಕ್ರೋಸಾಫ್ಟ್ ಅದನ್ನು ನೇರ ಗೆರೆಯಲ್ಲಿ ಹೊಂದಿಸಿದೆ: −100 ಡಿಬಿಎಂಗೆ ಸೊನ್ನೆ, −50ಕ್ಕೆ ನೂರು. ಹಾಗಾಗಿ 70 ಪ್ರತಿಶತ ಎಂದರೆ −65. −50ಕ್ಕಿಂತ ಬಲವಾದದ್ದೆಲ್ಲ ನೂರರಲ್ಲೇ ನಿಲ್ಲುತ್ತದೆ. ವೇಗ ಅಳೆಯಲು ಇಂಟರ್ನೆಟ್ ಸ್ಪೀಡ್ ಟೆಸ್ಟ್ ಬೇಡ, ಅದರಲ್ಲಿ ಸೇವಾದಾರರ ದಟ್ಟಣೆಯೂ ಬೆರೆಯುತ್ತದೆ. ಮನೆಯೊಳಗೇ ಇನ್ನೊಂದು ಕಂಪ್ಯೂಟರನ್ನು ರೂಟರಿಗೆ ತಂತಿಯಲ್ಲಿ ಜೋಡಿಸಿ ಐಪರ್ಫ್3 ಎಂಬ ಉಚಿತ ತಂತ್ರಾಂಶದಿಂದ ಅಳೆಯುವುದು ಸರಿಯಾದ ಕ್ರಮ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಭಾರತದಲ್ಲಿ 2005ರ ನಿಯಮಗಳು 2.4 ಗಿಗಾದ ಪಟ್ಟಿಯನ್ನು ಪರವಾನಗಿಯಿಂದ ಬಿಡಿಸಿದವು; ಪ್ರೇಷಕದ ಶಕ್ತಿ 1 ವ್ಯಾಟ್, ಆಂಟೆನಾದ ಗೇನ್ ಸೇರಿಸಿ 4 ವ್ಯಾಟ್ ಮೀರಬಾರದು. 2018ರಲ್ಲಿ 5 ಗಿಗಾದ 605 ಮೆಗಾಹರ್ಟ್ಸ್ ಅಗಲದ ಪಟ್ಟಿಗಳೂ ಮುಕ್ತವಾದವು. 2.4 ಗಿಗಾದಲ್ಲಿ 100 ಮಿಲಿವ್ಯಾಟಿನ ಕಾರ್ಡಿಗೆ 9 ಡಿಬಿಐ ಆಂಟೆನಾ ಹಾಕಿದರೂ ಒಂದು ವ್ಯಾಟ್ ಮುಟ್ಟುವುದಿಲ್ಲ, ಚಿಂತೆ ಬೇಡ. ಆದರೆ ಬೂಸ್ಟರ್ ಎಂಬ ಹೆಸರಿನ ವರ್ಧಕ ಪೆಟ್ಟಿಗೆಗಳು ಈ ಮಿತಿಯನ್ನು ಸುಲಭವಾಗಿ ದಾಟಬಲ್ಲವು. ಆಂಟೆನಾ ಕಳಿಸುವಾಗ ಎಷ್ಟು ನೆರವಾಗುತ್ತದೋ ಕೇಳಿಸಿಕೊಳ್ಳುವಾಗಲೂ ಅಷ್ಟೇ ನೆರವಾಗುತ್ತದೆ. ಕಳಿಸುವ ಶಕ್ತಿಯನ್ನಷ್ಟೇ ಹೆಚ್ಚಿಸಿದರೆ ಕೇಳಿಸಿಕೊಳ್ಳುವುದಕ್ಕೆ ಏನೂ ಸಿಗದು. ಬೂಸ್ಟರನ್ನು ಕೊಳ್ಳದಿರಲು ಇಷ್ಟು ಕಾರಣ ಸಾಲದೇ?

ಓದುಗರಿಗೆ ನನ್ನ ಶಿಫಾರಸು ಹೀಗಿದೆ. ಸಿಗ್ನಲ್ 90 ಪ್ರತಿಶತಕ್ಕಿಂತ ಮೇಲಿದ್ದರೆ ಆಂಟೆನಾಕ್ಕೆ ಕೈಹಾಕಬೇಡಿ. ನಿಧಾನಕ್ಕೆ ಬೇರೆ ಕಾರಣ ಹುಡುಕಿ, ಯುಎಸ್‌ಬಿ ಕಿಂಡಿಗಳಿಂದಲೇ ಶುರು ಮಾಡಿ. 50ರಿಂದ 80ರ ನಡುವೆ ಇದ್ದರೆ ಮೊದಲು ಪೆಟ್ಟಿಗೆ ತಿರುಗಿಸಿ, ಆಮೇಲೆ ಒಂದು ಮೀಟರಿನ ಒಳ್ಳೆಯ ಕೇಬಲ್ ಇರುವ, ಮೇಜಿನ ಮೇಲೆ ಕೂರುವ ಜೋಡಿ ಆಂಟೆನಾ ಕೊಳ್ಳಿ; ಅದರ ಮೇಲೆ 3 ಅಥವಾ 5 ಡಿಬಿಐ ಎಂದಿದ್ದರೆ ಸಾಕು. 40ಕ್ಕಿಂತ ಕೆಳಗಿದ್ದರೆ ಯಾವ ಕಡ್ಡಿಯೂ ಉದ್ಧಾರ ಮಾಡದು. ಮನೆ ಬಾಡಿಗೆಯದಾಗಿದ್ದು ಮಾಲೀಕರು ಗೋಡೆ ಕೊರೆಯಲು ಒಪ್ಪದಿದ್ದರೆ ಬಾಗಿಲ ಸಂದಿಯಲ್ಲಾದರೂ ಒಂದು ಈಥರ್ನೆಟ್ ಕೇಬಲ್ ಎಳೆದುಬಿಡಿ. ಅದು 100 ಮೀಟರ್‌ವರೆಗೂ ಸೆಕೆಂಡಿಗೆ 1 ಗಿಗಾಬಿಟ್ ಕೊಡುತ್ತದೆ, ಪೆಟ್ಟಿಗೆಯ ಬೆನ್ನು ಯಾವ ಕಡೆಗಿದ್ದರೂ.